ಅನ್ಯಮತೀಯರೊಡನೆ ಕ್ರೈಸ್ತನ ನಡೆ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕ್ರೈಸ್ತಮತದಲ್ಲಿ ಹುಟ್ಟಿ ಬೆಳೆದ ನನ್ನನ್ನು ಈ ಸಭೆಗೆ ಬರಮಾಡಿಕೊಂಡು, ಕ್ರೈಸ್ತರು ತಮ್ಮ ಮತದವರಲ್ಲದವರೊಡನೆ ಹೇಗೆ ನಡೆದುಕೊಳ್ಳತಕ್ಕದ್ದೆಂಬ ವಿಷಯವಾಗಿ ಮಾತನಾಡಲು ಅಪ್ಪಣೆ ಮಾಡಿರುವಿರಿ. ಈ ಮಾತನ್ನು ನಮ್ಮ ದೇವಾಲಯದೊಳಗೆ ನಮ್ಮವರ ಮುಂದೆ ಆಡುವದು ಸುಲಭ. ಯಾರೊಡನೆ ನಡೆದುಕೊಳ್ಳಬೇಕೋ ಅವರ ಎದುರಿನಲ್ಲಿಯೇ ನಿಂತು ಆಡುವದು ಅಷ್ಟು ಸುಲಭವಲ್ಲ. ಆದುದರಿಂದ ಮೊದಲು ನನ್ನದೊಂದು ತಪ್ಪನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಹದಿನೆಂಟು ವರುಷದ ವಿದ್ಯಾರ್ಥಿಯಾಗಿದ್ದಾಗ, ಮತಪ್ರಚಾರದ ಸಣ್ಣ ಪುಸ್ತಿಕೆಗಳ ಕಟ್ಟೊಂದನ್ನು ಹೊತ್ತುಕೊಂಡು ಒಂದು ಮಠದ ಜಾತ್ರೆಗೆ ಹೋಗಿದ್ದೆನು. ಅದರಲ್ಲಿ ಲಿಂಗಪೂಜೆಯನ್ನು ಕುರಿತು ಹಗುರವಾದ ಮಾತುಗಳಿದ್ದವು. ನಾನು ಅದನ್ನು ಪೂರ್ತಿಯಾಗಿ ಓದಿಯೂ ಇರಲಿಲ್ಲ. ತೇರಿನ ನೆರಳಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಒಂದು ಪ್ರತಿಯನ್ನು ಇಸಿದುಕೊಂಡು ಮೊದಲಿನಿಂದ ಕಡೆಯ ವರೆಗೆ ಸಾವಕಾಶವಾಗಿ ಓದಿದರು. ಇನ್ನು ಬೈಯುವರೆಂದು ನಾನು ಕಾದು ನಿಂತೆನು. ಅವರಾದರೋ ಎದ್ದು, ನನ್ನನ್ನು ದಾಸೋಹದ ಪಂಕ್ತಿಗೆ ಕರೆದೊಯ್ದು, ತಮ್ಮ ಮಗ್ಗುಲಲ್ಲಿಯೇ ಕೂಡ್ರಿಸಿಕೊಂಡು, ನಾನು ಸಾಕೆಂದರೂ ಬಿಡದೆ ಗೋದಿಹುಗ್ಗಿ ಹಾಕಿಸಿದರು. ಕೈತೊಳೆದ ಮೇಲೆ ಮೆಲ್ಲನೆ ಕೇಳಿದರು: "ತಮ್ಮಾ, ಇದನ್ನ ಬರದವರು, ನೀವು ಲಿಂಗ ಯಾಕ ಕಟ್ಟಿಕೋತೀರಿ ಅಂತ ನಮ್ಮೊಳಗ ಯಾರನ್ನರ ಕೇಳ್ಯಾರೇನು?"

ನನ್ನಲ್ಲಿ ಉತ್ತರವಿರಲಿಲ್ಲ. ಉಳಿದ ಪುಸ್ತಿಕೆಗಳನ್ನು ಹಂಚದೆ ಮನೆಗೆ ತಂದೆನು.

ನಮ್ಮ ದಶಾಜ್ಞೆಗಳಲ್ಲಿ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಕೂಡದೆಂಬುದೊಂದು ಉಂಟು. ಅದನ್ನು ನ್ಯಾಯಸ್ಥಾನಕ್ಕೆ ಸಂಬಂಧಿಸಿದ ಮಾತೆಂದು ನಾವು ದೂರ ಇಟ್ಟಿರುತ್ತೇವೆ. ನೆರೆಯವನ ಪೂಜೆಯ ಅರ್ಥವನ್ನು ಅವನಿಂದ ಕೇಳಿ ತಿಳಿಯದೆ ಅದರ ಮೇಲೆ ತೀರ್ಪು ಬರೆಯುವದೂ ಸುಳ್ಳುಸಾಕ್ಷಿಯೇ ಎಂದು ನನಗೆ ಆ ಸಂಜೆ ಮೊದಲ ಸಲ ಹೊಳೆಯಿತು.

ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಯೇಸುಸ್ವಾಮಿಯನ್ನು ಕೇಳಿದಾಗ ಆತನು ಹೇಳಿದ ಕಥೆಯನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಅವನ ಮತದ ಯಾಜಕನೇ ಕಂಡೂ ಕಾಣದಂತೆ ದಾಟಿ ಹೋದನು. ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂಡ್ರಿಸಿ, ಛತ್ರದ ಖರ್ಚನ್ನೂ ಕೊಟ್ಟವನು ಸಮಾರ್ಯದವನು. ಯೆಹೂದ್ಯರ ಪೂಜೆ ಯೆರೂಸಲೇಮಿನಲ್ಲಿ, ಸಮಾರ್ಯದವರದು ಗೆರಿಜೀಮ್ ಬೆಟ್ಟದಲ್ಲಿ, ಒಬ್ಬರನ್ನೊಬ್ಬರು ಧರ್ಮಭ್ರಷ್ಟರೆಂದೆಣಿಸುತ್ತಿದ್ದರು. ನಾವು ಈ ಕಥೆಯನ್ನು ಬೋಧಿಸುವಾಗಲೆಲ್ಲ ಉಪಕಾರ ಮಾಡಿದವನ ಸ್ಥಾನದಲ್ಲಿ ನಮ್ಮನ್ನೇ ಇಟ್ಟುಕೊಳ್ಳುತ್ತೇವೆ. ಕಥೆಯೊಳಗೆ ಮಾತ್ರ ಆ ಸ್ಥಾನದಲ್ಲಿರುವವನು ಅನ್ಯಮತದವನು! ಅವನಂತೆ ಮಾಡೆಂದೇ ಸ್ವಾಮಿಯ ಅಪ್ಪಣೆ. ಬಿದ್ದವನ ಮತವನ್ನು ಅವನು ವಿಚಾರಿಸಲಿಲ್ಲ. ಗುಣವಾದ ಮೇಲೆ ನಮ್ಮ ಬೆಟ್ಟಕ್ಕೆ ಬಾ ಎಂದೂ ಕರಾರು ಹಾಕಲಿಲ್ಲ.

ಇನ್ನು ನಮ್ಮ ಕನ್ನಡನಾಡಿನ ಮಾತಿಗೆ ಬರೋಣ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಮುಂದೆ ಅವರು ಕಲ್ಲಚ್ಚಿನಲ್ಲಿ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ದಾಸರ ಪದಗಳೂ ಬೆಳಕು ಕಂಡವು. ಅವರನ್ನು ಹೊಗಳುವದಕ್ಕಾಗಿ ನಾನು ನಿಜವನ್ನು ಮುಚ್ಚಲಾರೆನು. ಜನರನ್ನು ತಮ್ಮ ಮತಕ್ಕೆ ತರಬೇಕೆಂಬ ಹಂಬಲ ಅವರಿಗೆ ಬಲವಾಗಿಯೇ ಇದ್ದಿತು. 1844ರಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಮಂಗಳೂರು ಕಲಕಿಹೋಯಿತು. ಅಂಥ ಸಂದರ್ಭದಲ್ಲಿ ಹೆತ್ತವರಿಗಾಗುವ ಸಂಕಟವನ್ನು ನಮ್ಮವರ ಚರಿತ್ರೆಗಳು ಎರಡು ಸಾಲುಗಳಲ್ಲಿ ಮುಗಿಸಿಬಿಡುವದುಂಟು. ಅದು ನಮ್ಮ ಕೊರತೆ. ಆದರೂ ತಮ್ಮದಲ್ಲದ ಮತದ ಪುರಾಣವನ್ನು ಹುಡುಕಿಸಿ ಅಚ್ಚುಹಾಕಿಸುವ ಶ್ರಮಕ್ಕೆ ಮನಸ್ಸಿನಲ್ಲಿ ಸ್ವಲ್ಪವಾದರೂ ಗೌರವ ಹುಟ್ಟದೆ ಯಾರೂ ಇಳಿಯಲಾರರು.

ಅವರ ತರುವಾಯ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ಲರು ಕ್ರಿಸ್ತಚರಿತೆಯನ್ನೇ ಕನ್ನಡದ ಷಟ್ಪದಿಗಳಲ್ಲಿ ಕಟ್ಟಿ 1862ರಲ್ಲಿ 'ಕಥಾಮಾಲೆ'ಯಾಗಿ ಪ್ರಕಟಿಸಿದರು. ಆ ಮೇಲೆ ಜೈನರಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಶೋಧಿಸಿ ಅಚ್ಚಿಗೆ ಕೊಟ್ಟರು. 1894ರಲ್ಲಿ ಹೊರಬಿದ್ದ ಅವರ ನಿಘಂಟನ್ನು ತೆರೆದರೆ, ಒಂದೊಂದು ಶಬ್ದಕ್ಕೂ ಆಧಾರವಾಗಿ ಬಸವಪುರಾಣದ ಪ್ರಯೋಗಗಳೂ ಒಕ್ಕಲುಮಕ್ಕಳ ಗಾದೆಗಳೂ ಸಾಲುಗಟ್ಟಿ ನಿಂತಿವೆ. ಕೇಳದೆ ಬರೆಯುವವನಿಗೆ ಇಷ್ಟು ಗಾದೆಗಳು ಸಿಕ್ಕುವದಿಲ್ಲ.

ಹಾಗಾದರೆ ಕ್ರೈಸ್ತನು ತನ್ನ ಮತವನ್ನು ಕುರಿತು ಬಾಯಿ ಮುಚ್ಚಿಕೊಂಡಿರಬೇಕೋ ಎಂದು ನಮ್ಮವರು ನನ್ನನ್ನು ಕೇಳುತ್ತಾರೆ. ಹಾಗೆ ನಾನೆನ್ನಲಾರೆನು. ತನಗೆ ಶಾಂತಿ ಕೊಟ್ಟುದನ್ನು ಕೇಳಿದವರಿಗೆ ಹೇಳದಿರುವದು ಸಾಧ್ಯವೂ ಅಲ್ಲ. ಆದರೆ ಔಷಧದ ಸೀಸೆಗೆ, ಶಾಲೆಯ ಜಾಗಕ್ಕೆ, ಬರಗಾಲದ ಅಕ್ಕಿಗೆ ಮತವನ್ನು ಗಂಟುಹಾಕುವದು ಬೋಧನೆಯಲ್ಲ, ವ್ಯಾಪಾರ. 1965ರಲ್ಲಿ ರೋಮಿನ ಮಹಾಸಭೆಯು ಅನ್ಯಮತಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವದೇನನ್ನೂ ತಾನು ತಳ್ಳಿಹಾಕುವದಿಲ್ಲವೆಂದು ಸಾರಿತು. ಬಲಾತ್ಕಾರವನ್ನೂ ಆಮಿಷವನ್ನೂ ನಿಷೇಧಿಸಿತು. 2011ರಲ್ಲಿ ಕಥೋಲಿಕರೂ ಪ್ರಾಟೆಸ್ಟಂಟರೂ ಕೂಡಿ ಇದೇ ಅರ್ಥದ ನಡವಳಿಕೆಯ ನಿಬಂಧನೆಗಳನ್ನು ಹೊರಡಿಸಿದರು. ಕಾಗದದ ಮೇಲಿನ ಈ ಮಾತು ಊರೂರಿನ ಬೋಧಕರ ನಾಲಗೆಗೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲವೆಂಬುದನ್ನು ತಮ್ಮೆದುರು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಕಳೆದ ವರುಷ ನನ್ನ ಮೊಮ್ಮಗಳು, ತನ್ನ ಗೆಳತಿಯ ಕೊರಳಿನ ಕರಡಿಗೆಯಲ್ಲಿ ಏನಿದೆಯೆಂದು ನನ್ನನ್ನು ಕೇಳಿದಳು. ಓದಿದ್ದರಿಂದ ನಾಲ್ಕು ಮಾತು ನಾನೂ ಹೇಳಬಹುದಾಗಿದ್ದಿತು. ಹೇಳಲಿಲ್ಲ, ಗೆಳತಿಯ ಅಜ್ಜಿಯನ್ನೇ ಕೇಳಿ ಬಾರೆಂದು ಅವರ ಮನೆಗೆ ಕಳಿಸಿದೆನು. ಅವಳು ದೀಪ ಹಚ್ಚುವ ಹೊತ್ತಿಗೆ ಮರಳಿ ಬಂದಳು. ಆ ತಾಯಿ ಪೂಜೆಯ ವೇಳೆಯಲ್ಲಿ ಹತ್ತಿರ ಕೂಡ್ರಿಸಿಕೊಂಡು ಎಲ್ಲವನ್ನೂ ತಿಳಿಸಿ ಹೇಳಿದ್ದರಂತೆ; ತಿರುಗಿ ನಮ್ಮ ಪ್ರಾರ್ಥನೆಯ ವಿಷಯವನ್ನು ಅವಳಿಂದ ಕೇಳಿದ್ದರಂತೆ.