ದೂರದರ್ಶನವೂ ಲೋಕಜೀವನವೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪ್ರತಿವರ್ಷವೂ ನವೆಂಬರ್ ತಿಂಗಳ 21ನೆಯ ದಿನವು ವಿಶ್ವ ದೂರದರ್ಶನ ದಿನವೆಂದು ಆಚರಿಸಲ್ಪಡುತ್ತಿರುವುದು. 1996ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಹಾಗೆಂದು ನಿರ್ಣಯಿಸಿತು. ಒಂದು ಯಂತ್ರಕ್ಕೆ ಹಬ್ಬವೇತಕ್ಕೆಂದು ಹಿರಿಯರು ಕೇಳಬಹುದು; ಮಠದ ಸಭೆಯಲ್ಲಿ ಅದರ ಮಾತೇತಕ್ಕೆಂದು ಕಿರಿಯರೂ ಕೇಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಭಕ್ತರ ಮನೆಗಳಲ್ಲಿ ಜಂಗಮರ ಪಾದಧೂಳಿಗೆ ಎಷ್ಟು ಸಲುಗೆಯುಂಟೋ ಅಷ್ಟೇ ಸಲುಗೆಯು ಈಗ ಈ ಟೀವಿಗೂ ಉಂಟಾಗಿರುವುದು. ಮನೆಯೊಳಕ್ಕೆ ಬಂದವರು ಯಾರು, ಏನು ತಂದರು, ಏನನ್ನು ಕೊಂಡೊಯ್ದರು ಎಂದು ವಿಚಾರಿಸುವುದು ಗೃಹಸ್ಥರಿಗೆ ಯುಕ್ತವೇ ಆಗಿರುವುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

1926ನೆಯ ಇಸವಿ ಜನವರಿ 26ರಂದು ಲಂಡನ್ ನಗರದಲ್ಲಿ ಜಾನ್ ಲೋಗಿ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಯಂತ್ರಜ್ಞನು ಕೆಲವು ಮಂದಿ ವಿದ್ವಾಂಸರನ್ನು ಕರೆದು, ಚಲಿಸುವ ಮುಖವನ್ನು ಬೇರೊಂದೆಡೆ ಕಾಣುವಂತೆ ಮಾಡಿ ತೋರಿಸಿದನು. ಚಿತ್ರವು ಮಸುಕಾಗಿಯೂ ನಡುಗುತ್ತಲೂ ಇದ್ದಿತು. ಆ ಕಾಲಕ್ಕೆ ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ತರುಣರು ಇನ್ನೂ ವಿದ್ಯಾರ್ಥಿಗಳಾಗಿದ್ದರು. ಅವರ ಮಾತು ಮುಂದೆ ಬರುವುದು. 1969ರಲ್ಲಿ ಮಾನವನು ಚಂದ್ರಲೋಕದಲ್ಲಿ ಕಾಲಿಟ್ಟಾಗ ಭೂಮಂಡಲದ ಕೋಟ್ಯಂತರ ಜನರು ಏಕಕಾಲದಲ್ಲಿ ಆ ದೃಶ್ಯವನ್ನು ನೋಡಿದರು. ಹಲವು ಭಾಷೆ, ಹಲವು ಮತಗಳವರು ಒಂದೇ ಕ್ಷಣದಲ್ಲಿ ಒಂದೇ ಕಡೆಗೆ ಕಣ್ಣಿಟ್ಟ ಅಂತಹ ಪ್ರಸಂಗವು ಲೋಕದಲ್ಲಿ ಅಪರೂಪವಾದುದು.

ಭಾರತದಲ್ಲಿ ದೂರದರ್ಶನವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಕನ್ನಡನಾಡಿಗೆ ಅದು ಬಂದ ಬಗೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಅದು ಮೊದಲು ರಾಜಧಾನಿಯಾದ ಬೆಂಗಳೂರಿಗೆ ಬರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷದವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವು ಪಡೆದು, ದೇಶದ ಆರು ಪ್ರಾಂತಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಆ ಭಾಗ್ಯವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಒದಗಿತು. ಬಸವೇಶ್ವರರು ಅವತರಿಸಿದ ನೆಲಕ್ಕೆ ಮೊದಲು ಬಂದು ಮಿಕ್ಕ ನಾಡಿಗೆ ಆಮೇಲೆ ಬಂದಿತೆಂದು ಶರಣಸಂತತಿಯು ಹೆಮ್ಮೆಪಟ್ಟರೆ ತಪ್ಪೇನೂ ಇಲ್ಲ.

ಆ ಪ್ರಯೋಗದಲ್ಲಿ ಟೀವಿಯನ್ನು ಯಾವ ಸಾಹುಕಾರನ ಪಡಸಾಲೆಯಲ್ಲಿಯೂ ಇರಿಸಲಿಲ್ಲ. ಶಾಲೆಯ ಮುಂದೆಯೋ ಪಂಚಾಯಿತಿಯ ಕಟ್ಟಡದಲ್ಲಿಯೋ, ಎಲ್ಲ ಕೇರಿಗಳವರೂ ಬಂದು ಕೂರಬಹುದಾದ ಎಡೆಯಲ್ಲಿ ಇರಿಸಿದರು. ವಿದ್ಯುಚ್ಛಕ್ತಿಯಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಸಿದರು. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ವ್ಯವಸಾಯ, ಆರೋಗ್ಯ, ಹಾಡು, ನಾಟಕ. ನೆಲದ ಮೇಲೆ ಕುಳಿತವರಲ್ಲಿ ಮುಂದಿನವರು ಮೇಲು, ಹಿಂದಿನವರು ಕೀಳು ಎಂಬ ವ್ಯವಸ್ಥೆಗೆ ಯಂತ್ರವು ಎಡೆಗೊಡಲಿಲ್ಲ. ನಾನಾ ಕಾಯಕಗಳ ಜನರು ಒಂದೆಡೆ ಕುಳಿತ ಅನುಭವಮಂಟಪದ ಮಾತನ್ನು ಕೇಳಿ ಬೆಳೆದವರಿಗೆ ಈ ಸಂಗತಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷ ತುಂಬಿದೊಡನೆ ಉಪಗ್ರಹವು ತನ್ನವರ ಸೇವೆಗೆ ಹಿಂದಿರುಗಿತು. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರವೊಂದು ಸ್ಥಾಪಿತವಾಯಿತು.

ಬೆಂಗಳೂರಿನ ಕೇಂದ್ರವು ಕಣ್ತೆರೆದುದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅಲ್ಲಿಂದೀಚೆಗೆ ಈ ಸೀಮೆಯ ಹೆಂಚಿನ ಮನೆಗಳ ಮೇಲೂ ಒಂದೊಂದಾಗಿ ಆಂಟೆನಾಗಳು ಎದ್ದವು. ಬೆಟ್ಟಗಳ ಮರೆಯಲ್ಲಿದ್ದ ಊರುಗಳವರು ಕಂಬವನ್ನು ಇನ್ನಷ್ಟು ಎತ್ತರಿಸಿ, ಒಬ್ಬನು ಮಾಡಿನ ಮೇಲೆ ನಿಂತು ತಿರುಗಿಸಲು, ಮತ್ತೊಬ್ಬನು ಕೆಳಗಿನಿಂದ “ಬಂತು, ಬಂತು, ಹೋಯ್ತು” ಎಂದು ಕೂಗುತ್ತಿದ್ದುದನ್ನು ನಡುವಯಸ್ಸಿನವರೆಲ್ಲರೂ ಬಲ್ಲರು. 1987ರ ಜನವರಿಯಿಂದ ಭಾನುವಾರದ ಬೆಳಗ್ಗೆ ರಾಮಾಯಣವು ಬಿತ್ತರವಾಗತೊಡಗಿದಾಗ ದೇಶದಲ್ಲೆಲ್ಲ ಬೀದಿಗಳು ಬರಿದಾದವು. ಟೀವಿಗೆ ಹೂವೇರಿಸಿ ಊದುಬತ್ತಿ ಬೆಳಗಿದವರೂ ಉಂಟು. ಆದರೆ ಆ ವೇಳೆಗೆ ಟೀವಿಯು ಶಾಲೆಯಂಗಳವನ್ನು ಬಿಟ್ಟು ಉಳ್ಳವರ ಮನೆಯನ್ನು ಸೇರಿದ್ದಿತು. ಆ ಮನೆಯೊಳಗೆ ಚಾಪೆಯ ಮೇಲೆ ಕುಳಿತವರಾರು, ಕಿಟಕಿಯ ಸರಳು ಹಿಡಿದು ಹೊರಗೆ ನಿಂತ ಮಕ್ಕಳು ಯಾವ ಕೇರಿಯವರು ಎಂಬುದನ್ನು ಊರೂರಿನ ಹಿರಿಯರೇ ಎದೆಮುಟ್ಟಿ ಹೇಳಬೇಕು. ಯಂತ್ರವು ಎಲ್ಲರನ್ನೂ ಕರೆಯಿತು. ಬಾಗಿಲು ಕಾಯುವವನು ಮನುಷ್ಯನೇ ಆಗಿದ್ದನು.

1994ರಲ್ಲಿ ಉದಯ ಟೀವಿ ಬಂದಿತು. ಬಳಿಕ ವಾಹಿನಿಗಳು ಹತ್ತಾದವು, ನೂರಾದವು. ಕಿಟಕಿಯ ಹೊರಗಿನ ಮಗುವಿನ ಮನೆಗೂ ಟೀವಿ ಬಂದಿತು. ಇದು ಒಳ್ಳೆಯದೇ ಸರಿ. ಒಳ್ಳೆಯ ಕಾರ್ಯಕ್ರಮಗಳಿಗೂ ಬರವಿಲ್ಲ. ಸರಿಯುತ್ತರ ಹೇಳಿದವರಿಗೆ ಕನ್ನಡ ಪುಸ್ತಕಗಳನ್ನು ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ’ ಎಂಬ ಕಾರ್ಯಕ್ರಮವು ಚಂದನ ವಾಹಿನಿಯಲ್ಲಿ 2002ರಿಂದ ನಡೆದುಬಂದಿತು. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಅದೇ ಚಂದನವು ಪಾಠಗಳನ್ನು ಬಿತ್ತರಿಸಿತು. ದುಬಾರಿ ಫೋನನ್ನು ಕೊಳ್ಳಲಾರದ ತಂದೆಯ ಮಕ್ಕಳು ಟೀವಿಯ ಮುಂದೆ ಪಾಟಿಚೀಲ ಬಿಚ್ಚಿ ಕುಳಿತರು. ಆ ಒಂದು ಉಪಕಾರಕ್ಕಾಗಿಯೇ ಈ ಯಂತ್ರಕ್ಕೆ ಒಂದು ದಿನದ ಹಬ್ಬ ಸಲ್ಲಬಹುದು.

ಕೆಡುಕನ್ನೂ ಹೇಳಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡನ್ನು ತರುವ ರೈತನ ಮನೆಯಲ್ಲಿ, ನಾಲ್ಕನೆಯ ಜ್ವರದಿಂದೆದ್ದ ಹುಳು ಹೊತ್ತುಹೊತ್ತಿಗೆ ಸೊಪ್ಪು ಬೇಡುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಕೆಲಸವು ಧಾರಾವಾಹಿಯ ಮುಗಿವನ್ನು ಕಾಯದು. ಕಾಯಕಕ್ಕೆ ಮೀಸಲಾದ ಹೊತ್ತನ್ನು ಪರದೆಯು ತಿಂದರೆ ನಷ್ಟವು ತಕ್ಕಡಿಯಲ್ಲಿಯೇ ಕಾಣುವುದು. ಚನ್ನಪಟ್ಟಣದ ಚಿತ್ರಗಾರನು ಮರವನ್ನು ಕಡೆದು ಅರಗಿನ ಬಣ್ಣವೇರಿಸಿ ಮಾಡಿದ ಬುಗುರಿಯು ಮಗುವಿನ ಕೈಯನ್ನು ದುಡಿಸುತ್ತದೆ, ನೆರೆಮನೆಯ ಮಗುವನ್ನು ಕರೆಸುತ್ತದೆ. ಪರದೆಯು ಕಣ್ಣೊಂದನ್ನೇ ಬೇಡುತ್ತದೆ. ಇನ್ನು ಬಿಡದಿಯ ಬಳಿ ‘ಬಿಗ್ ಬಾಸ್’ ಎಂಬ ಕಾರ್ಯಕ್ರಮಕ್ಕಾಗಿ ಮನೆಯೊಂದು ಎದ್ದಿದ್ದಿತು. ಹತ್ತಾರು ಮಂದಿಯನ್ನು ಅದರೊಳಗಿಟ್ಟು, ಹಗಲಿರುಳೂ ಕ್ಯಾಮೆರಾ ಹಿಡಿದು, ಅವರ ಜಗಳವನ್ನೂ ಕಣ್ಣೀರನ್ನೂ ನಾಡಿಗೆಲ್ಲ ತೋರಿಸಿದರು. 2018ರಲ್ಲಿ ಆ ಮನೆಯು ಬೆಂಕಿಗೆ ಆಹುತಿಯಾಯಿತು. ಆದರೂ ಕಾರ್ಯಕ್ರಮವು ನಿಲ್ಲಲಿಲ್ಲ. ನೋಡುವವರಿದ್ದರು, ಆದ್ದರಿಂದ ತೋರಿಸಿದರು. ಈ ವಿಷಯದಲ್ಲಿ ತೋರಿಸಿದವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಈಗ ವೀರಾಪುರದ ಆ ವಿದ್ಯಾರ್ಥಿಯ ಮಾತು. ಅವರು 1930ರಲ್ಲಿ ಸನ್ಯಾಸವನ್ನು ಸ್ವೀಕರಿಸಿ, ಸಿದ್ಧಗಂಗಾ ಕ್ಷೇತ್ರದಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರೆಂಬುದನ್ನು ಸಭೆಯು ಆಗಲೇ ತಿಳಿದಿರುವುದು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಹಲವು ದಿನಗಳಿಂದಲೂ ವಾರ್ತಾವಾಹಿನಿಗಳ ಬಂಡಿಗಳು ಮಠದ ಬಳಿ ಬೀಡುಬಿಟ್ಟಿದ್ದವು. ಸುದ್ದಿಯನ್ನು ಒಂದು ನಿಮಿಷ ಮೊದಲು ಹೇಳಿದವನೇ ಗೆದ್ದವನೆಂಬುದು ಆ ವೃತ್ತಿಯ ಧರ್ಮ. ಆದರೆ ಪೂಜ್ಯರು ಲಿಂಗೈಕ್ಯರಾದುದು ಮಧ್ಯಾಹ್ನಕ್ಕೆ ಮೊದಲೇ ಆದರೂ, ಮಕ್ಕಳ ಪ್ರಸಾದಕ್ಕೆ ಅಡ್ಡಿಯಾಗಕೂಡದೆಂಬುದು ಶ್ರೀಗಳವರ ಅಪೇಕ್ಷೆಯಾಗಿದ್ದಿತಾದ ಕಾರಣ, ಊಟವು ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಿದರೆಂದು ವರದಿಯಾಯಿತು. ಕ್ಷಣವನ್ನೂ ಕಾಯದ ಯಂತ್ರವು ಅಂದು ಸಾವಿರಾರು ಬಡಮಕ್ಕಳ ತುತ್ತಿಗಾಗಿ ಕಾಯಿತು.

ಅನಂತರ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಎರಡು ದಿನ ವಾಹಿನಿಗಳು ಬೇರೆ ಮಾತೆತ್ತಲಿಲ್ಲ. ನಡೆಯಲಾರದ ವೃದ್ಧರು ಜಗಲಿಯಿಂದೆದ್ದು ಒಳಗೆ ಬಂದು, ಪರದೆಯ ಮುಂದೆ ಕೈಮುಗಿದು ಕುಳಿತು ಅಂತಿಮದರ್ಶನವನ್ನು ಪಡೆದರು. ದೂರದೇಶಗಳಲ್ಲಿದ್ದ ಹಳೆಯ ವಿದ್ಯಾರ್ಥಿಗಳಿಗೂ ಅದು ಲಭಿಸಿತು. ದೂರದರ್ಶನವೆಂಬ ಹೆಸರಿನಲ್ಲಿರುವ ದರ್ಶನವೆಂಬ ಮಾತು ಆ ಮನೆಗಳಲ್ಲಿ ಅಂದು ಸಾರ್ಥಕವಾಯಿತೆನ್ನಬಹುದು.

ಕಾಲಿನಲ್ಲಿ ಶಕ್ತಿಯಿದ್ದವರು ಮಾತ್ರ ಅಷ್ಟಕ್ಕೆ ತೃಪ್ತರಾಗಲಿಲ್ಲ. ಪರದೆಯಲ್ಲಿ ಪೂಜ್ಯರ ಮುಖವು ಹತ್ತಿರದಿಂದ, ನಿಚ್ಚಳವಾಗಿ ಕಾಣುತ್ತಿದ್ದರೂ, ಈ ಸೀಮೆಯ ಭಕ್ತರು ಟೀವಿಯನ್ನು ಆರಿಸಿ ತುಮಕೂರಿನ ಬಸ್ಸು ಹತ್ತಿದರು. ನಾಡಿನ ನಾನಾ ಕಡೆಗಳಿಂದ ಬಂದ ಲಕ್ಷಾಂತರ ಜನರೊಡನೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಹೀಗೆ ಬಂದವರಿಗೆಲ್ಲ ಮಠದಲ್ಲಿ ದಾಸೋಹವು ನಡೆಯುತ್ತಲೇ ಇದ್ದಿತು.