ಅಮೇರಿಕದ ಜನಜೀವನದಲ್ಲಿ ದೇವರು, ಧರ್ಮ

(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ಕ್ಷೇತ್ರದ ಮೊಕ್ತೇಸರರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಜಿನಸಿನ ಅಂಗಡಿಯಲ್ಲಿ ಕುಳಿತವನು. ಮಗಳ ಬಾಣಂತನಕ್ಕೆಂದು ಮನೆಯವಳೊಂದಿಗೆ ನ್ಯೂಯಾರ್ಕಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿ ಕಂಡದ್ದು, ಕೇಳಿ ತಿಳಿದದ್ದು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರ ಒತ್ತಾಯ.

ಅಂಗಡಿಯವನ ಕಣ್ಣು ಮೊದಲು ಬೀಳುವುದು ನೋಟಿನ ಮೇಲೆ. ಡಾಲರ್ ನೋಟಿನ ಹಿಂಬದಿಯಲ್ಲಿ ‘ದೇವರಲ್ಲಿ ನಮ್ಮ ನಂಬಿಕೆ’ ಎಂದು ಅಚ್ಚಾಗಿದೆ. 1956ರಲ್ಲಿ ಅದು ದೇಶದ ಧ್ಯೇಯವಾಕ್ಯವಾಗಿ, ಮರುವರ್ಷದಿಂದ ನೋಟಿಗೂ ಬಂತು. ಹಾಗಾದರೆ ಇದು ಕ್ರೈಸ್ತ ಸರಕಾರ ಎಂದೆ. ಅಳಿಯಂದಿರು ನಕ್ಕರು. ಸರಕಾರ ಬರೆದುಕೊಟ್ಟ ಪ್ರಾರ್ಥನೆಯನ್ನು ಸರಕಾರಿ ಶಾಲೆಯಲ್ಲಿ ಹೇಳಿಸಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟು 1962ರಲ್ಲೇ ತೀರ್ಪು ಕೊಟ್ಟಿದೆ.

ಫ್ಲಶಿಂಗ್ ಎಂಬಲ್ಲಿ ಬೌನ್ ಸ್ಟ್ರೀಟಿನಲ್ಲಿ ಮಹಾವಲ್ಲಭ ಗಣಪತಿ ದೇವಸ್ಥಾನ ಉಂಟು. 1977ರ ಜುಲೈ 4, ಆ ದೇಶದ ಸ್ವಾತಂತ್ರ್ಯ ದಿನದಂದೇ ಪ್ರತಿಷ್ಠೆಯಾದದ್ದು. ಕೆಳಗಿನ ಕ್ಯಾಂಟೀನಿನ ದೋಸೆ ನಮ್ಮ ಮನೆಯವಳಿಗೂ ಹಿಡಿಸಿತು. ಅದೇನು ಸಣ್ಣ ಸಂಗತಿಯಲ್ಲ.

ಆ ಬೀದಿಯ ಹೆಸರಿಗೊಂದು ಕಥೆ ಇದೆ. ಆಗ ಅದು ಡಚ್ಚರ ವಸಾಹತು. ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ಆಶ್ರಯ ಕೊಟ್ಟರೆ ದಂಡವೆಂದು ಗವರ್ನರ್ ಸ್ಟೈವೆಸಂಟನ ಆಜ್ಞೆ. 1657ರ ಡಿಸೆಂಬರಿನಲ್ಲಿ ಫ್ಲಶಿಂಗಿನ ಸುಮಾರು 30 ಮಂದಿ ಇದು ನ್ಯಾಯವಲ್ಲವೆಂದು ಅರ್ಜಿ ಬರೆದು ಸಹಿ ಹಾಕಿದರು. ಅವರು ಕ್ವೇಕರರಲ್ಲ, ಇದನ್ನು ತಾವು ಗಮನಿಸಬೇಕು. ಬೇರೆಯವರ ಪ್ರಾರ್ಥನೆಗಾಗಿ ಸಹಿ ಹಾಕಿದವರು. ಊರಿನ ಗುಮಾಸ್ತ ಜೈಲು ಸೇರಿದ. 1662ರಲ್ಲಿ ಜಾನ್ ಬೌನ್ ಎಂಬಾತ ತನ್ನ ಮನೆಯಲ್ಲಿ ಕ್ವೇಕರರ ಪ್ರಾರ್ಥನೆಗೆ ಜಾಗ ಕೊಟ್ಟು ಸೆರೆಯಾದ. ದಂಡ ಕಟ್ಟುವುದಿಲ್ಲ ಎಂದ. ಗಡೀಪಾರು ಮಾಡಿದರು. ಆತ ಹಾಲೆಂಡಿಗೆ ಹೋಗಿ ಕಂಪೆನಿಯ ಯಜಮಾನರೆದುರು ವಾದಿಸಿದ. ಜನರ ಮನಸ್ಸಾಕ್ಷಿಗೆ ಅಡ್ಡ ಬರಬೇಡ ಎಂದು ಅವರು 1663ರಲ್ಲಿ ಗವರ್ನರನಿಗೇ ಕಾಗದ ಬರೆದರು. ಬೌನನ ಮನೆ ಇಂದಿಗೂ ಗಣಪತಿಯ ಬೀದಿಯಲ್ಲೇ ಉಂಟು.

ಸರಕಾರ ಯಾವ ಮತವನ್ನೂ ಸ್ಥಾಪಿಸಬಾರದು, ಯಾರ ಆಚರಣೆಗೂ ಅಡ್ಡಿ ಮಾಡಬಾರದು ಎಂಬ ತಿದ್ದುಪಡಿ ಅವರ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಆಗ ಅದು ಕೇಂದ್ರ ಸರಕಾರಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಕೆಲವು ರಾಜ್ಯಗಳಲ್ಲಿ ಚರ್ಚಿಗೆ ತೆರಿಗೆ ಎತ್ತುವ ಪದ್ಧತಿ ಮುಂದೆಯೂ ಇತ್ತು. ಕನೆಕ್ಟಿಕಟ್ ರಾಜ್ಯ 1818ರಲ್ಲಿ ನಿಲ್ಲಿಸಿತು. ಲೈಮನ್ ಬೀಚರ್ ಎಂಬ ಪಾದ್ರಿ, ಇನ್ನು ಧರ್ಮದ ಕಥೆ ಮುಗಿಯಿತೆಂದು ಕಂಗಾಲಾಗಿ ಕುಳಿತಿದ್ದರು. ಕೆಲವು ವರ್ಷ ಕಳೆದ ಮೇಲೆ ಅವರೇ, ಅದಕ್ಕಿಂತ ಒಳ್ಳೆಯದು ಬೇರೆ ಆಗಿರಲಿಲ್ಲ ಎಂದು ಒಪ್ಪಿಕೊಂಡರು. ಬೊಕ್ಕಸದ ಹಣ ನಿಂತದ್ದರಿಂದ ಚರ್ಚು ಜನರ ಮನೆಬಾಗಿಲಿಗೆ ಹೋಗಬೇಕಾಯಿತು; ಹೋದಾಗ ಜನ ಬಂದರು.

ಮಗಳ ನೆರೆಯವರು ಕರೆದರೆಂದು ಒಂದು ಭಾನುವಾರ ಅವರ ಚರ್ಚಿಗೂ ಹೋದೆ. ಕಾಣಿಕೆ ತಟ್ಟೆ ಸಾಲುಸಾಲಾಗಿ ಕೈಯಿಂದ ಕೈಗೆ ಹೋಗುತ್ತದೆ. ಪಾದ್ರಿಯ ಸಂಬಳ, ಮಾಡಿನ ರಿಪೇರಿ ಎಲ್ಲ ಅದರಿಂದಲೇ. ಒಂದು ಕೋಣೆಯಲ್ಲಿ ಬಡವರಿಗೆ ಹಂಚುವ ದಿನಸಿ ಪೇರಿಸಿಟ್ಟಿದ್ದರು. ಅಕ್ಕಿ ಮೂಟೆ ನಮ್ಮ ಅಂಗಡಿಯಲ್ಲಿರುವುದಕ್ಕಿಂತ ಅಚ್ಚುಕಟ್ಟು! ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆದು ಆಯವ್ಯಯ ಮುಂದಿಟ್ಟು ಮತ ಹಾಕಿಸುತ್ತಾರಂತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಗುಲಾಮರನ್ನು ಇಟ್ಟುಕೊಳ್ಳುವ ವಿಷಯದಲ್ಲೇ 1845ರಲ್ಲಿ ಬ್ಯಾಪ್ಟಿಸ್ಟರು ಎರಡು ಪಾಲಾದರು. ಧರ್ಮಗ್ರಂಥ ತೋರಿಸಿ ಗುಲಾಮಗಿರಿಯನ್ನು ಸಮರ್ಥಿಸಿದವರಿದ್ದರು. ಅದೇ ಗ್ರಂಥ ಹಿಡಿದ ಕರಿಯರ ಚರ್ಚುಗಳಲ್ಲಿ ಸಭೆ ಸೇರಿ, 1955-56ರಲ್ಲಿ ಮಾಂಟ್ಗಾಮರಿಯ ಜನ 381 ದಿವಸ ಬಸ್ಸು ಹತ್ತದೆ ನಡೆದರು. ಮುಂದೆ ನಿಂತವರು ಮಾರ್ಟಿನ್ ಲೂಥರ್ ಕಿಂಗ್, ಒಂದು ಚರ್ಚಿನ ಪಾದ್ರಿ.

ಈಗ ಅಲ್ಲಿಯೂ ಬೆಂಚುಗಳು ಖಾಲಿಯಾಗುತ್ತಿವೆ. ಚರ್ಚೋ ಮಂದಿರವೋ ಯಾವುದಾದರೊಂದಕ್ಕೆ ಸದಸ್ಯರಾದವರು 1999ರಲ್ಲಿ ನೂರಕ್ಕೆ 70, 2020ರಲ್ಲಿ 47 ಎಂದು ಗ್ಯಾಲಪ್ ಸಂಸ್ಥೆಯ ಲೆಕ್ಕ. ನಾನು ಹೋದ ಚರ್ಚಿನಲ್ಲೂ ನನ್ನ ಪ್ರಾಯದವರೇ ಹೆಚ್ಚು. ನಮ್ಮ ಕಮಿಟಿ ಮೀಟಿಂಗಿನ ನೆನಪಾಯಿತು.

ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ತಂದವರು, ಶ್ರಮದಾನ ಮಾಡಿದವರು ತಾವು. ಇಷ್ಟರವರೆಗಿನ ಜಮಾಖರ್ಚನ್ನು ಭೋಜನಶಾಲೆಯ ಗೋಡೆಗೆ ಅಂಟಿಸಿದ್ದೇವೆ. ಸಂಶಯವಿದ್ದವರು ಅಂಗಡಿಗೆ ಬನ್ನಿ, ರಶೀದಿ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಯುವಕರು ಬಂದು ಕೇಳಿದರೆ ನನಗೆ ಇನ್ನೂ ಸಂತೋಷ.