ತಾಳ ಹಿಡಿದವನ ಹೆಸರು

(ಸಂಘದ ಯುವ ವಿಭಾಗವು ಏರ್ಪಡಿಸಿದ್ದ ಸಂಗೀತ ಸಂಜೆಯಲ್ಲಿ ನೀಡಿದ ಉಪನ್ಯಾಸದ ಲೇಖನರೂಪ)



ಪಂಕ್ ರಾಕ್ ಎಂಬ ಪಾಶ್ಚಾತ್ಯ ಸಂಗೀತ ಪ್ರಕಾರವನ್ನು ಕುರಿತು ಈ ವೇದಿಕೆಯಿಂದ ಮಾತನಾಡಬೇಕೆಂದು ನಮ್ಮ ಯುವಕರು ಕೇಳಿಕೊಂಡಾಗ ಕೆಲವು ಹಿರಿಯ ಸದಸ್ಯರು ಹುಬ್ಬೇರಿಸಿದರು. ದಾಸರ ಪದ, ಭಾವಗೀತೆ, ತಾಳಮದ್ದಲೆಗಳಿಗೆ ಮೀಸಲಾದ ಸಭಾಂಗಣದಲ್ಲಿ ಈ ಗದ್ದಲಕ್ಕೇನು ಕೆಲಸ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅಸಹಜವಾದುದಲ್ಲ. ‘ಪಂಕ್’ ಎಂಬ ಪದಕ್ಕೇ ಇಂಗ್ಲಿಷಿನಲ್ಲಿ ಪುಂಡ, ಕೆಲಸಕ್ಕೆ ಬಾರದವ ಎಂಬ ಅರ್ಥವಿದೆ. ಆದರೂ ನಾನು ಒಪ್ಪಿಕೊಂಡುದಕ್ಕೆ ಕಾರಣವಿದೆ. ಈ ಸಂಗೀತಕ್ಕೆ ತಾಳ ಹಾಕಿಕೊಟ್ಟ ವ್ಯಕ್ತಿಯೊಬ್ಬನ ಜೀವನವು, ಊರು ಬಿಟ್ಟು ಬೇರೆ ಊರಿನಲ್ಲಿ ಬೇರೂರಿದ ನಮ್ಮಂಥವರು ತಿಳಿಯಬೇಕಾದ ಜೀವನವೆಂದು ನನಗೆ ತೋರಿದೆ.

ಟಾಮಿ ರಮೋನ್ ಎಂದು ಜಗತ್ತು ಬಲ್ಲ ಈತ ಹುಟ್ಟಿದುದು 1949ರ ಜನವರಿ 29ರಂದು, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ಹುಟ್ಟುಹೆಸರು ತಮಾಶ್ ಎರ್ಡೇಯಿ. ತಂದೆತಾಯಿ ಯೆಹೂದ್ಯರು, ವೃತ್ತಿಯಿಂದ ಛಾಯಾಗ್ರಾಹಕರು. ನಾಜಿಗಳ ನರಮೇಧದಲ್ಲಿ ಅವರ ಬಂಧುವರ್ಗದ ಬಹುಮಂದಿ ಹತರಾದರು. ನೆರೆಯವರು ಬಚ್ಚಿಟ್ಟು ಕಾಪಾಡಿದ್ದರಿಂದ ಇವರಿಬ್ಬರು ಉಳಿದುಕೊಂಡರು. 1956ರಲ್ಲಿ ಹಂಗೇರಿಯ ಜನರು ದಂಗೆಯೆದ್ದು, ಸೋವಿಯೆತ್ ಸೇನೆ ಆ ದಂಗೆಯನ್ನು ಹೊಸಕಿಹಾಕಿದ ಕಾಲದಲ್ಲಿ ಈ ಕುಟುಂಬವು ದೇಶ ಬಿಟ್ಟು, ಮರುವರ್ಷ ಅಮೆರಿಕೆಯನ್ನು ಸೇರಿತು. ಕೊನೆಗೆ ನೆಲೆ ನಿಂತುದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ನಲ್ಲಿ. ಅಲ್ಲಿ ತಮಾಶ್ ಥಾಮಸ್ ಆದ. ಹೊಸ ಊರಿನವರ ನಾಲಗೆಗೆ ಒಗ್ಗುವಂತೆ ಹೆಸರನ್ನು ಬಗ್ಗಿಸಿಕೊಳ್ಳುವ ಅನುಭವ ಇಲ್ಲಿ ಕುಳಿತಿರುವ ಅನೇಕರಿಗೆ ಹೊಸದೇನಲ್ಲ.

ಶಾಲೆಯಲ್ಲಿದ್ದಾಗ ಅವನ ವಾದ್ಯ ಗಿಟಾರ್. ಜಾನ್ ಕಮಿಂಗ್ಸ್ ಎಂಬ ಸಹಪಾಠಿಯೊಡನೆ ‘ಟ್ಯಾಂಜರೀನ್ ಪಪೆಟ್ಸ್’ ಎಂಬ ಹುಡುಗರ ವಾದ್ಯವೃಂದದಲ್ಲಿ ಅವನು ನುಡಿಸುತ್ತಿದ್ದ. ಶಾಲೆ ಮುಗಿದ ಮೇಲೆ ರೆಕಾರ್ಡ್ ಪ್ಲಾಂಟ್ ಎಂಬ ಧ್ವನಿಮುದ್ರಣ ಕೇಂದ್ರದಲ್ಲಿ ಸಹಾಯಕ ಎಂಜಿನಿಯರನಾಗಿ ಸೇರಿದ. ಜಿಮಿ ಹೆಂಡ್ರಿಕ್ಸ್‌ರ 1970ರ ‘ಬ್ಯಾಂಡ್ ಆಫ್ ಜಿಪ್ಸೀಸ್’ ಆಲ್ಬಂಗಾಗಿ ದುಡಿದವರಲ್ಲಿ ಈ ಯುವಕನೂ ಒಬ್ಬ. ದೊಡ್ಡ ಕಲಾವಿದರ ನಾದವು ಯಂತ್ರದೊಳಗೆ ಹೇಗೆ ಸೆರೆಯಾಗುತ್ತದೆ ಎಂಬುದನ್ನು ಅವನು ಗಾಜಿನ ಪರದೆಯ ಹಿಂದಿನಿಂದ ನೋಡಿ ಕಲಿತ. ಮುಂದೆ ಅವನಿಗೆ ಅನ್ನ ಕೊಟ್ಟುದೂ, ಅವನ ಗೆಳೆಯರಿಗೆ ರೂಪ ಕೊಟ್ಟುದೂ ಈ ವಿದ್ಯೆಯೇ.

1974ರಲ್ಲಿ ಫಾರೆಸ್ಟ್ ಹಿಲ್ಸ್‌ನ ಮೂವರು ಯುವಕರು ಒಂದು ವಾದ್ಯವೃಂದವನ್ನು ಕಟ್ಟಿದರು. ಒಬ್ಬ ಹಳೆಯ ಗೆಳೆಯ ಜಾನ್ ಕಮಿಂಗ್ಸ್. ಇನ್ನಿಬ್ಬರು ಡಗ್ಲಸ್ ಕಾಲ್ವಿನ್ ಮತ್ತು ಜೆಫ್ರಿ ಹೈಮನ್. ಟಾಮಿ ಅವರ ಸಲಹೆಗಾರ, ವ್ಯವಸ್ಥಾಪಕ. ಡ್ರಮ್ ಬಾರಿಸುತ್ತಿದ್ದ ಜೆಫ್ರಿಯನ್ನು ಹಾಡುಗಾರನಾಗಿ ಮುಂದಕ್ಕೆ ತಂದಾಗ ಡ್ರಮ್ಮಿನ ಪೀಠ ತೆರವಾಯಿತು. ಬಂದವರೆಲ್ಲ ತಮ್ಮ ಕೈಚಳಕ ತೋರಿಸುವವರೇ. ಬೇಕಾದ ಸರಳ ನಡೆ ಯಾರಿಂದಲೂ ಬರಲಿಲ್ಲ. ಹೇಗೆ ಬಾರಿಸಬೇಕೆಂದು ತೋರಿಸಿಕೊಡಲು, ಹಿಂದೆಂದೂ ಡ್ರಮ್ಮರ್ ಆಗಿರದ ಟಾಮಿ ತಾನೇ ಆ ಪೀಠದಲ್ಲಿ ಕುಳಿತ. ಮುಂದಿನ ನಾಲ್ಕು ವರ್ಷ ಅದು ಅವನದೇ ಆಯಿತು. ರಕ್ತಸಂಬಂಧವಿಲ್ಲದ ಈ ನಾಲ್ವರೂ ರಮೋನ್ ಎಂಬ ಒಂದೇ ಕುಲನಾಮ ಧರಿಸಿ ಜೋಯಿ, ಜಾನಿ, ಡೀ ಡೀ, ಟಾಮಿ ಎಂದು ಹೆಸರಾದರು. ಬಂಧುಬಳಗವನ್ನು ಕಳೆದುಕೊಂಡು ಬಂದ ಮನೆಯ ಮಗನೊಬ್ಬ ಹೊಸ ಊರಿನಲ್ಲಿ ಹೀಗೊಂದು ಕುಲವನ್ನು ಸೇರಿದನೆಂಬುದು ನನ್ನ ಮನಸ್ಸನ್ನು ತಟ್ಟಿದೆ.

ಅವನ ವಾದನ ಎಂಥದು? ನಮ್ಮ ಯಕ್ಷಗಾನದ ಚಂಡೆ ಮದ್ದಲೆಗಳನ್ನು ಕೇಳಿ ಬೆಳೆದ ಕಿವಿಗೆ ಮೊದಲಿಗೆ ಅದರಲ್ಲಿ ಏನೂ ಇಲ್ಲವೆನಿಸಬಹುದು. ಮುಕ್ತಾಯವಿಲ್ಲ, ತನಿ ಆವರ್ತನವಿಲ್ಲ, ಜತಿಗಳ ವೈವಿಧ್ಯವಿಲ್ಲ. ನಾಲ್ಕು ಎಣಿಕೆಯ ತಾಳವೊಂದನ್ನು ಹಿಡಿದು, ಪ್ರತಿ ಎಣಿಕೆಯನ್ನು ಎರಡಾಗಿ ಸೀಳಿ, ಜೋಡಿ ತಟ್ಟೆಗಳ ಮೇಲೆ ಬಲಗೈ ಬಿಡುವಿಲ್ಲದೆ ಬೀಳುತ್ತದೆ. ಕಾಲು ಮತ್ತು ಎಡಗೈ ಸರದಿಯಂತೆ ಪೆಟ್ಟು ಕೊಡುತ್ತವೆ. ವೇಗವು ಬಹಳ, ಆದರೆ ಓಟ ತಪ್ಪುವುದಿಲ್ಲ. ಜಾನಿಯ ಗಿಟಾರಿನಲ್ಲಿ ಕೈ ಕೆಳಮುಖವಾಗಿಯೇ ತಂತಿಗಳನ್ನು ಹೊಡೆಯುತ್ತಿತ್ತು. ಆ ಹೊಡೆತಕ್ಕೆ ಈ ತಾಳವು ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ 1977ರ ಡಿಸೆಂಬರ್ 31ರ ರಾತ್ರಿ ಮುದ್ರಿತವಾದ ಅವರ ಕಛೇರಿಯನ್ನು ನಾನು ಹಲವು ಬಾರಿ ಕೇಳಿದ್ದೇನೆ. ಇಪ್ಪತ್ತೆಂಟು ಹಾಡುಗಳು ಒಂದರ ಹಿಂದೊಂದು ಹಾರಿಬರುತ್ತವೆ. ಅಷ್ಟು ಹೊತ್ತು ಆ ಲಯವನ್ನು ಕಾಯುವುದು ಎಷ್ಟು ಶ್ರಮದ ಕೆಲಸವೆಂದು ಮೃದಂಗ ಕಲಿತ ನಮ್ಮ ಮಕ್ಕಳನ್ನು ಕೇಳಿ ನೋಡಿ. ತನ್ನನ್ನು ತೋರಿಸಿಕೊಳ್ಳುವ ಅವಕಾಶವನ್ನು ಆ ಪೀಠದಲ್ಲಿ ಕುಳಿತವನು ಬೇಕೆಂದೇ ಬಿಟ್ಟುಕೊಟ್ಟಿದ್ದ. ಆಗಿನ ರಾಕ್ ಸಂಗೀತದಲ್ಲಿ ಡ್ರಮ್ಮರುಗಳು ನಿಮಿಷಗಟ್ಟಲೆ ಏಕವಾದನ ಮಾಡುತ್ತಿದ್ದರೆಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ.

ಇವರಿಗೆ ವೇದಿಕೆ ಎಲ್ಲಿ ಸಿಕ್ಕಿತು ಎಂಬುದು ಇಂದಿನ ಸಭೆಗೆ ಮುಖ್ಯವಾದ ವಿಷಯ. ನ್ಯೂಯಾರ್ಕ್ ನಗರಾಡಳಿತವು 1975ರಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಬೌವರಿ ಎಂಬ ಬೀದಿ ನಿರ್ಗತಿಕರ, ಕುಡುಕರ ಬೀಡಾಗಿತ್ತು. ಅಲ್ಲಿ ಹಿಲ್ಲಿ ಕ್ರಿಸ್ಟಲ್ ಎಂಬವರು 1973ರ ಕೊನೆಯಲ್ಲಿ ಒಂದು ಮದ್ಯದಂಗಡಿ ತೆರೆದು ಅದಕ್ಕೆ ಸಿಬಿಜಿಬಿ ಎಂದು ಹೆಸರಿಟ್ಟರು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಮೂರು ಜಾನಪದ ಮೂಲದ ಸಂಗೀತಗಳಿಗಾಗಿ ತೆರೆದ ಅಂಗಡಿಯದು. ಬಂದವರು ಮಾತ್ರ ಬೇರೆಯೇ ಜನ. ಕ್ರಿಸ್ಟಲ್ ಅವರನ್ನು ಹೊರದಬ್ಬಲಿಲ್ಲ. ಇತರರ ಜನಪ್ರಿಯ ಹಾಡುಗಳ ನಕಲು ಬೇಡ, ನಿಮ್ಮದೇ ರಚನೆಗಳನ್ನು ಹಾಡಿ ಎಂಬುದು ಅವರ ಕಟ್ಟಳೆ. 1974ರ ಆಗಸ್ಟ್ 16ರಂದು ರಮೋನರು ಮೊದಲ ಬಾರಿಗೆ ಅಲ್ಲಿ ನುಡಿಸಿದರು. ಇದೇ ಇಕ್ಕಟ್ಟಿನ ಅಂಗಡಿಯಿಂದ ಪ್ಯಾಟಿ ಸ್ಮಿತ್, ಟೆಲಿವಿಷನ್, ಟಾಕಿಂಗ್ ಹೆಡ್ಸ್, ಬ್ಲಾಂಡಿ ಮುಂತಾದವರೂ ಹೊರಹೊಮ್ಮಿದರು.

1976ರ ಏಪ್ರಿಲಿನಲ್ಲಿ ರಮೋನರ ಮೊದಲ ಆಲ್ಬಂ ಹೊರಬಂದಿತು. ತಗುಲಿದ ವೆಚ್ಚ 6,400 ಡಾಲರು, 14 ಹಾಡುಗಳು, ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ಟಾಮಿ ಅದರ ಸಹಾಯಕ ನಿರ್ಮಾಪಕನೂ ಹೌದು. ಮೊದಲ ಹಾಡು ‘ಬ್ಲಿಟ್ಸ್‌ಕ್ರೀಗ್ ಬಾಪ್’ ಬಹುಪಾಲು ಅವನ ರಚನೆ. ಅಮೆರಿಕೆಯ ಆಲ್ಬಂ ಪಟ್ಟಿಯಲ್ಲಿ ಅದು 111ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಆದರೆ ಆ ವರ್ಷ ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಅವರು ನುಡಿಸಿದ ಮೇಲೆ, ಸಂಗೀತ ಶಾಲೆಯ ಮೆಟ್ಟಿಲು ಹತ್ತದವರೂ ವಾದ್ಯ ಕೈಗೆತ್ತಿಕೊಳ್ಳಬಹುದೆಂಬ ಧೈರ್ಯ ಬ್ರಿಟನ್ನಿನ ಯುವಜನರಲ್ಲಿ ಇನ್ನಷ್ಟು ಹೆಚ್ಚಿತು.

ಊರೂರು ತಿರುಗುವ ಬದುಕು ಟಾಮಿಗೆ ಹಿಡಿಸಲಿಲ್ಲ. 1978ರಲ್ಲಿ ಅವನು ಡ್ರಮ್ಮಿನ ಪೀಠ ಬಿಟ್ಟ. ಮಾರ್ಕ್ ಬೆಲ್ ಎಂಬವರು ಮಾರ್ಕಿ ರಮೋನ್ ಆಗಿ ಆ ಸ್ಥಾನಕ್ಕೆ ಬಂದರು. ಅದೇ ವರ್ಷದ ‘ರೋಡ್ ಟು ರೂಯಿನ್’ ಆಲ್ಬಂ ಅನ್ನು ಎಡ್ ಸ್ಟೇಸಿಯಂ ಜೊತೆಗೂಡಿ ನಿರ್ಮಿಸಿದವನು ಟಾಮಿಯೇ. ತಾನು ಬಿಟ್ಟ ಪೀಠದಲ್ಲಿ ಇನ್ನೊಬ್ಬನು ಬಾರಿಸುತ್ತಿರುವಾಗ ಆ ನಾದವು ಚೆನ್ನಾಗಿ ಕೇಳಿಸಲೆಂದು ಗಾಜಿನ ಹಿಂದೆ ಕುಳಿತು ಶ್ರಮಿಸುವ ಮನಸ್ಸು ಎಲ್ಲರಿಗೂ ಬರುವಂಥದಲ್ಲ. ಪದಾಧಿಕಾರ ಮುಗಿದ ಮೇಲೆ ಸಭೆಗೇ ಬಾರದವರನ್ನು ನಾವೆಲ್ಲ ಕಂಡಿದ್ದೇವೆ. 1984ರಲ್ಲಿ ಗೆಳೆಯರ ಆಲ್ಬಂ ನಿರ್ಮಾಣಕ್ಕೆ ಟಾಮಿ ಮತ್ತೆ ಬಂದ. ಮರುವರ್ಷ ಮಿನಿಯಾಪೊಲಿಸ್‌ನ ರಿಪ್ಲೇಸ್‌ಮೆಂಟ್ಸ್ ತಂಡದ ‘ಟಿಮ್’ ಆಲ್ಬಂ ನಿರ್ಮಿಸಿದ.

ರಮೋನರು 1996ರ ಆಗಸ್ಟಿನಲ್ಲಿ ಕೊನೆಯ ಕಛೇರಿ ನಡೆಸುವಾಗ ಅವರ ಕಛೇರಿಗಳ ಲೆಕ್ಕ 2,263ಕ್ಕೆ ಮುಟ್ಟಿತ್ತು. ಜೋಯಿ 2001ರಲ್ಲಿ, ಡೀ ಡೀ 2002ರಲ್ಲಿ, ಜಾನಿ 2004ರಲ್ಲಿ ತೀರಿಕೊಂಡರು. ಮೂಲದ ನಾಲ್ವರಲ್ಲಿ ಉಳಿದವನು ಟಾಮಿ ಒಬ್ಬನೇ. ಅವನು ಕ್ಲಾಡಿಯಾ ಟೀನನ್ ಎಂಬವರೊಡನೆ ‘ಅಂಕಲ್ ಮಂಕ್’ ಎಂಬ ಜೋಡಿ ಕಟ್ಟಿ, ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊಗಳಲ್ಲಿ ಬ್ಲೂಗ್ರಾಸ್ ನುಡಿಸತೊಡಗಿದ. ಸಿಬಿಜಿಬಿ ಯಾವ ಸಂಗೀತಕ್ಕೆಂದು ಬಾಗಿಲು ತೆರೆದಿತ್ತೋ ಆ ಸಂಗೀತವನ್ನು, ಆ ಅಂಗಡಿಯನ್ನು ಪಂಕ್‌ನ ತೊಟ್ಟಿಲಾಗಿಸಿದವರಲ್ಲಿ ಒಬ್ಬನು ತನ್ನ ಇಳಿವಯಸ್ಸಿನಲ್ಲಿ ಕೈಗೆತ್ತಿಕೊಂಡ. ಹೊಸದನ್ನು ಮಾಡಿದವನು ಹಳೆಯದಕ್ಕೆ ಶತ್ರುವಾಗಲೇಬೇಕೆಂಬ ನಿಯಮವಿಲ್ಲ.

2014ರ ಏಪ್ರಿಲಿನಲ್ಲಿ, ಅಂದರೆ 38 ವರ್ಷಗಳ ಬಳಿಕ, ಆ ಮೊದಲ ಆಲ್ಬಂಗೆ ಐದು ಲಕ್ಷ ಪ್ರತಿಗಳ ಸುವರ್ಣ ಮನ್ನಣೆ ದೊರೆಯಿತು. ಅದೇ ಜುಲೈ 11ರಂದು, ಕ್ವೀನ್ಸ್‌ನಲ್ಲಿಯೇ, ತನ್ನ 65ನೆಯ ವಯಸ್ಸಿನಲ್ಲಿ ಟಾಮಿ ಅರ್ಬುದ ರೋಗದಿಂದ ನಿಧನನಾದ. 2016ರಲ್ಲಿ ಕ್ವೀನ್ಸ್ ವಸ್ತುಸಂಗ್ರಹಾಲಯವು ರಮೋನರನ್ನು ಕುರಿತು ಪ್ರದರ್ಶನ ಏರ್ಪಡಿಸಿ ಅವರನ್ನು ತನ್ನ ಮಕ್ಕಳೆಂದು ಮೆರೆಸಿತು. ಆಗ ಅದನ್ನು ನೋಡಲು ಮೂಲದ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ.

ಬಂಧುಗಳೇ, ಇನ್ನು ನಮ್ಮ ಮಾತಿಗೆ ಬರುತ್ತೇನೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮ ಹಿರಿಯರು ಮುಂಬಯಿಯಂಥ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ಕಟ್ಟಿದರು. ಇಲ್ಲದ್ದನ್ನು ಕಟ್ಟುವ ಆ ಧೈರ್ಯದ ಫಲವೇ ಇಂದಿನ ನಮ್ಮ ಸಂಘಗಳು. ಆದರೆ ಕಟ್ಟಿದ ಮನೆಯಲ್ಲಿ ಮೂರನೆಯ ತಲೆಮಾರಿಗೆ ಎಷ್ಟು ಜಾಗ ಕೊಟ್ಟಿದ್ದೇವೆ? ರಾಜ್ಯೋತ್ಸವ ಬಂದಾಗ ಹಳೆಯ ಹಾಡುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಚಪ್ಪಾಳೆ ತಟ್ಟಿ ಮನೆಗೆ ಕಳುಹಿಸುತ್ತೇವೆ. ಬಾಯಿಪಾಠ ಬೇಡವೆಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಪರಂಪರೆಯಿಲ್ಲ. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಹುಡುಗನಿಗೂ ಹುಡುಗಿಗೂ ತಮ್ಮದೇ ಆದ ಹೇಳಬೇಕಾದ ಮಾತೊಂದು ಇದೆ. ಅದು ಗಿಟಾರಿನಲ್ಲಿ ಬಂದೀತು, ಡ್ರಮ್ಮಿನಲ್ಲಿ ಬಂದೀತು, ಒಡೆದ ಕನ್ನಡದಲ್ಲಿಯೂ ಬಂದೀತು. ಅದನ್ನು ಹೇಳಲು ಈ ಸಭಾಂಗಣದಲ್ಲಿ ಸ್ಥಳವಿಲ್ಲವೆಂದಾದರೆ ಅವರು ಬೇರೆ ಬಾಗಿಲು ಹುಡುಕಿಕೊಳ್ಳುತ್ತಾರೆ. ಸಂಘದ ಹಾಜರಿ ಪುಸ್ತಕದಲ್ಲಿ ಉಳಿಯುವವರು ನಾವು, ಮುದುಕರು ಮಾತ್ರ.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಇಡುತ್ತೇನೆ. ತಿಂಗಳಿಗೊಂದು ಸಂಜೆ ಈ ಸಭಾಂಗಣದ ಬೀಗದ ಕೈಯನ್ನು ಯುವಕ ಯುವತಿಯರ ಕೈಗೆ ಕೊಡೋಣ. ಕಟ್ಟಳೆ ಒಂದೇ ಇರಲಿ: ನುಡಿಸುವುದು ಸ್ವಂತ ರಚನೆಯಾಗಿರಬೇಕು. ಕಿವಿಗೆ ಕಷ್ಟವಾದವರು ಆ ಒಂದು ಸಂಜೆ ಮನೆಯಲ್ಲಿದ್ದರಾಯಿತು. ನಾನಂತೂ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳುವೆ.